ಗಾಳಿಯ ಮಸಿಗೆ ಅಳತೆ ಹೇಗೆ?

ಪ್ರಶ್ನೆ: ಬೆಂಗಳೂರಿಗೆ ಹೋಗಿಬಂದ ದಿನ ಮೂಗು ಒರೆಸಿದರೆ ಕರವಸ್ತ್ರ ಕಪ್ಪಾಗುತ್ತದೆ. ಈ ಮಸಿಯನ್ನು ಅಳೆಯುತ್ತಾರೆಯೇ?
– ಓದುಗರು, ಬಿ.ದುರ್ಗ

ಉತ್ತರ: ಅಳೆಯುತ್ತಾರೆ, ಅದೂ ಹೆಚ್ಚುಕಡಿಮೆ ನಿಮ್ಮ ಕರವಸ್ತ್ರದ ರೀತಿಯಲ್ಲೇ. ಈಥಲೋಮೀಟರ್ ಎಂಬ ಯಂತ್ರದ ಪಂಪು ಬಿಳಿ ಪಟ್ಟಿಯೊಂದರ ಮೂಲಕ ಗಾಳಿ ಎಳೆಯುತ್ತದೆ. ಪಟ್ಟಿಯ ಮೇಲೆ ದುಂಡನೆಯ ಚುಕ್ಕೆ ಮೂಡಿ ಕಪ್ಪಾಗುತ್ತಾ ಹೋಗುತ್ತದೆ. ಅದರ ಮೂಲಕ ಹಾಯುವ ಬೆಳಕು ಎಷ್ಟು ತಗ್ಗಿತೆಂದು ನೋಡಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಮಸಿಯಿದೆ ಎಂದು ಲೆಕ್ಕ ಹಾಕುತ್ತಾರೆ. ಚುಕ್ಕೆ ತೀರಾ ಕಪ್ಪಾದರೆ ಪಟ್ಟಿ ತಾನೇ ಮುಂದೆ ಸರಿಯುತ್ತದೆ.

2001ರಲ್ಲಿ ಬೆಂಗಳೂರಿನಲ್ಲಿ ಅಳೆದಾಗ ಗಾಳಿಯ ತೇಲುಕಣಗಳ ತೂಕದಲ್ಲಿ ಸುಮಾರು ಶೇ 11ರಷ್ಟು ಮಸಿಯೇ ಇತ್ತು. ಡೀಸೆಲ್ ಹೊಗೆ ಅದರ ದೊಡ್ಡ ಮೂಲ.

ನನಗೆ ಹೆಚ್ಚು ಸಂಕಟವಾಗುವುದು ಸೌದೆ ಒಲೆಯ ಮುಂದೆ ಕೂರುವ ನಮ್ಮ ಹಳ್ಳಿಯ ತಾಯಂದಿರನ್ನು ನೆನೆದು. ಅಡುಗೆಮನೆಯ ಗೋಡೆಗೆ ಹತ್ತಿದ್ದೂ ಇದೇ ಮಸಿ.