ಸಮುದಾಯ ಭವನದ ಸೌರ ವಿದ್ಯುತ್ತಿಗೆ ಆಶ್ಲೇಷ ಮಳೆಯ ಲೆಕ್ಕ

2019ರ ಆಗಸ್ಟ್ ಎರಡನೇ ವಾರದ ಆಶ್ಲೇಷ ಮಳೆಯನ್ನು ನಮ್ಮ ಸದಸ್ಯರು ಮರೆತಿರಲಾರರು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದು ತೋಟಗಳೇ ಕೊಚ್ಚಿಹೋದ ದಿನಗಳವು. ಹಳ್ಳದ ಅಂಚಿನ ಮನೆಗಳವರು ನಮ್ಮ ಸಂಘದ ಪಕ್ಕದ ಸಮುದಾಯ ಭವನಕ್ಕೆ ಬಂದು ಸೇರಿದ್ದರು. ತಂತಿಯ ಮೇಲೆ ಮರಗಳು ಬಿದ್ದು ಐದು ದಿನ ಕರೆಂಟಿರಲಿಲ್ಲ. ದಾನಿಗಳು ಕೊಟ್ಟಿದ್ದ ಇನ್ವರ್ಟರೂ ಎರಡು ಬ್ಯಾಟರಿಗಳೂ ಭವನದ ಮೂಲೆಯಲ್ಲಿದ್ದವು. ಸ್ವಿಚ್ ಹಾಕಿದರೆ ದೀಪ ಹತ್ತು ನಿಮಿಷ ಉರಿದು ನಂದಿತು. ಬ್ಯಾಟರಿಯ ಮುಚ್ಚಳ ತೆಗೆದು ನೋಡಿದಾಗ ಒಳಗೆ ನೀರೇ ಇರಲಿಲ್ಲ. ನೀರು ಹಾಕಿಸಬೇಕಾಗಿದ್ದ ಕಾರ್ಯದರ್ಶಿ ನಾನೇ. ಉಬ್ಬಸದಿಂದ ನರಳುತ್ತಿದ್ದ ಅಜ್ಜಿಯೊಬ್ಬರಿಗೆ ನೆಬ್ಯುಲೈಸರ್ ಹಾಕಲು, ಸದಸ್ಯರೊಬ್ಬರ ತೋಟದಿಂದ ಟ್ರ್ಯಾಕ್ಟರಿನಲ್ಲಿ ಜನರೇಟರು ಬರುವವರೆಗೆ ಎರಡು ಗಂಟೆ ಕಾಯಬೇಕಾಯಿತು. ಅಜ್ಜಿ ಉಳಿದರು. ಆ ಎರಡು ಗಂಟೆ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ಭವನಕ್ಕೆ ಸೌರ ವಿದ್ಯುತ್ ಅಳವಡಿಸುವ ವಿಚಾರ ಮತ್ತೆ ಬಂದಿದೆ. ಕೈಗೆ ಬಂದ ಮೊದಲ ದರಪಟ್ಟಿ 5 ಕಿಲೋವ್ಯಾಟಿನದು. ಬ್ಯಾಟರಿ ಇಲ್ಲ, ನೇರವಾಗಿ ಲೈನಿಗೆ ಜೋಡಣೆ. ದರ ಕಂಡು ಹಲವರಿಗೆ ಸಂತೋಷವಾಯಿತು. ಆದರೆ ಇಂಥ ಜೋಡಣೆ ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮಾಡಿನಿಂದ ಕರೆಂಟು ಹರಿದು ಅಪಾಯವಾಗಬಾರದೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಬಿಲ್ಲು ಇಳಿಸಲು ಅದು ಒಳ್ಳೆಯದೇ. ಆದರೆ ಮದುವೆ, ಸಭೆಗಳಿಗಷ್ಟೇ ಬಾಗಿಲು ತೆರೆಯುವ ಭವನಕ್ಕೆ ಬಿಲ್ಲಾದರೂ ಎಷ್ಟು ಬರುತ್ತದೆ? ನಮಗೆ ಬೇಕಾದದ್ದು ಲೈನು ಸತ್ತಾಗ ಉರಿಯುವ ದೀಪ. ಆದುದರಿಂದ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರೇ ಆಗಬೇಕು.

ಇನ್ನು ಅಳತೆ. ಬೇಸಿಗೆಯ ಒಳ್ಳೆಯ ಬಿಸಿಲಿಗೆ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಜಡಿಮಳೆಯಲ್ಲಿ 1 ಯೂನಿಟ್ ದಾಟುವುದೇ ಕಷ್ಟ. ಮಾರುವವರು ಮೊದಲನೆಯ ಲೆಕ್ಕ ಹೇಳುತ್ತಾರೆ, ನಾವು ಎರಡನೆಯದನ್ನು ಹಿಡಿಯಬೇಕು. 20 ವ್ಯಾಟಿನ ಎಂಟು ಎಲ್‌ಇಡಿ ಟ್ಯೂಬುಗಳನ್ನು ಐದು ಗಂಟೆ ಉರಿಸಲು 0.8 ಯೂನಿಟ್, ನಲವತ್ತು ಮೊಬೈಲುಗಳ ಚಾರ್ಜಿಗೆ 0.6, ಅರ್ಧ ಎಚ್‌ಪಿ ಪಂಪನ್ನು ಒಂದು ಗಂಟೆ ಓಡಿಸಲು ಸುಮಾರು 0.5. ನೆಬ್ಯುಲೈಸರ್ ಸೇರಿದರೂ ದಿನಕ್ಕೆ 2 ಯೂನಿಟ್ ಸಾಕು. ಮಳೆಗಾಲದ ಮಲೆನಾಡಿನಲ್ಲಿ ಫ್ಯಾನು ಕೇಳುವವರು ಯಾರು? 2 ಕಿಲೋವ್ಯಾಟ್ ಫಲಕಗಳು ತೀರ ಕೆಟ್ಟ ದಿನ 1 ಯೂನಿಟ್ ಕೊಟ್ಟರೆ ಉಳಿದ 1 ಯೂನಿಟ್ ಬ್ಯಾಟರಿಯಿಂದ ಬರಬೇಕು. 12 ವೋಲ್ಟ್ 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬುಲರ್ ಬ್ಯಾಟರಿಗಳಲ್ಲಿ 7.2 ಯೂನಿಟ್ ಇದ್ದರೂ, ಅವು ಬಾಳಬೇಕಾದರೆ ಅರ್ಧದಷ್ಟೇ ಬಳಸಬೇಕು. 5 ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 4 ಯೂನಿಟ್ ಧಾರಾಳವಾಗಿ ತೆಗೆಯಬಹುದು. ನಾಲ್ಕು ದಿನ ದೂಡಬಹುದು. ನೀರು ಹಾಕುವ ಗೋಜಿಲ್ಲ. ಬೆಲೆ ಹೆಚ್ಚೆಂಬುದು ನಿಜ; ನನ್ನಂಥ ಕಾರ್ಯದರ್ಶಿಯಿರುವ ಊರಿಗೆ ಇದೇ ಕ್ಷೇಮ.

ಪಂಪು ಶುರುವಾಗುವಾಗ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಇನ್ವರ್ಟರು ಅದನ್ನು ತಡೆಯುವಂತಿರಬೇಕು. ಭವನದ ಪಶ್ಚಿಮಕ್ಕಿರುವ ಸಿಲ್ವರ್ ಓಕ್ ಕೊಂಬೆಗಳನ್ನು ಸವರಿಸಬೇಕು. ಸಾಲಿನ ಒಂದು ಫಲಕಕ್ಕೆ ನೆರಳು ಬಿದ್ದರೂ ಉಳಿದವುಗಳ ಇಳುವರಿ ತಗ್ಗುತ್ತದೆ. ಹಿಂದಿನ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಸಿದ ಮೇಲೆ ಗಾಜಿನ ಮೇಲೆ ಕೂತ ಸುಣ್ಣ-ಮೈಲುತುತ್ತದ ಪೊರೆಯನ್ನು ಅಂದೇ ತೊಳೆಯಬೇಕು, ಒಣಗಿದರೆ ಬಿಡುವುದಿಲ್ಲ. ನಮ್ಮಲ್ಲಿಯ ಗುಡುಗು-ಮಿಂಚಿಗೆ ಒಳ್ಳೆಯ ಅರ್ಥಿಂಗೂ ಸರ್ಜ್ ರಕ್ಷಕವೂ ಇಲ್ಲದೆ ಕೆಲಸ ಒಪ್ಪಿಕೊಳ್ಳಬಾರದು.

ಎರಡೂ ದರಪಟ್ಟಿಗಳನ್ನು ಬರುವ ಸಾಮಾನ್ಯ ಸಭೆಯ ಮುಂದಿಡುತ್ತೇನೆ. ಭವನದ ಬೀಗದ ಕೈ ಇದುವರೆಗೆ ಒಂದೇ ಇತ್ತು, ಅದೂ ನನ್ನ ಮನೆಯಲ್ಲಿ. ಇನ್ನು ಮೂರಾಗಲಿ: ಒಂದು ಸಂಘದಲ್ಲಿ, ಒಂದು ಅಂಗನವಾಡಿಯಲ್ಲಿ, ಒಂದು ಹಳ್ಳದಾಚೆಯ ಲೈನ್ ಮನೆಗಳವರಲ್ಲಿ. ಪ್ರತಿ ತಿಂಗಳ ಮೊದಲ ಭಾನುವಾರ ಮೇನ್ ಸ್ವಿಚ್ ಆರಿಸಿ, ಒಂದು ಗಂಟೆ ಬ್ಯಾಟರಿಯ ಮೇಲೆಯೇ ದೀಪ ಉರಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಲು ಒಬ್ಬರು ಬೇಕು. ಒಪ್ಪುವವರು ಸಭೆಗೆ ಮೊದಲೇ ಹೆಸರು ಕೊಡಬಹುದು.