ದಿಯಾನ್‌ಚಿ ಸರೋವರದ ನಗರಿ: ಕುನ್‌ಮಿಂಗಿನ ನಿಸರ್ಗ ಮತ್ತು ಹಲಾಲ್ ಭೋಜನ

ಚೀನಾ ದೇಶದ ಒಂದು ನಗರವನ್ನು ಕಂಡುಬರಬೇಕೆಂದು ಹೊರಡುವ ಮುಸಲ್ಮಾನ ಪ್ರವಾಸಿಗೆ, ಅವನು ಭಟ್ಕಳದವನಾಗಲಿ ಬೆಂಗಳೂರಿನವನಾಗಲಿ, ಎರಡು ಅಪೇಕ್ಷೆಗಳಿರುವುದು ಸಹಜ: ಗಗನಚುಂಬಿ ಕಟ್ಟಡಗಳ ನಡುವೆಯೇ ದಿನಗಳು ಕಳೆದುಹೋಗದೆ ಬೆಟ್ಟ, ನೀರು, ಮರ, ಹಕ್ಕಿಗಳ ಸಾನ್ನಿಧ್ಯ ದೊರೆಯಬೇಕು, ಹೊತ್ತುಹೊತ್ತಿಗೆ ಧರ್ಮಸಮ್ಮತವಾದ ಆಹಾರವೂ ದೊರೆಯಬೇಕು. ಮೊದಲು ನೋಡತಕ್ಕ ಸ್ಥಳಗಳನ್ನು ಗೊತ್ತುಮಾಡಿಕೊಂಡು, ಅನಂತರ ಒಂದೊಂದರ ಸಮೀಪದಲ್ಲಿಯೂ ಹಲಾಲ್ ಭೋಜನಶಾಲೆ ಇದೆಯೋ ಇಲ್ಲವೋ ಎಂದು ಚಿಂತಿಸುವುದು ಎಲ್ಲರ ರೂಢಿ. ಯುನ್ನಾನ್ ಪ್ರಾಂತದ ರಾಜಧಾನಿಯಾದ ಕುನ್‌ಮಿಂಗ್ ನಗರದ ಮಟ್ಟಿಗೆ ಈ ಎರಡು ಅನ್ವೇಷಣೆಗಳನ್ನೂ ಒಂದಾಗಿಯೇ ನಡೆಸಬಹುದು. ಏಕೆಂದರೆ ಅಲ್ಲಿಯ ಸರೋವರದ ಚರಿತ್ರೆಯನ್ನೂ ಅಲ್ಲಿಯ ಮಸೀದಿ ಬೀದಿಗಳ ಚರಿತ್ರೆಯನ್ನೂ ಏಳು ಶತಮಾನಗಳಿಗೂ ಹಿಂದೆ ಒಬ್ಬನೇ ಪುರುಷನು ತನ್ನ ಆಡಳಿತದಲ್ಲಿ ಹೆಣೆದುಹೋಗಿದ್ದಾನೆ. ನೀರಿನ ದಾರಿಯನ್ನು ಹಿಡಿದು ನಡೆದವನಿಗೆ ಊಟದ ದಾರಿಯೂ ಬಹುಮಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತದೆ.

ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ, ಅಂದರೆ ಬೆಂಗಳೂರಿನ ಎರಡರಷ್ಟು ಔನ್ನತ್ಯದಲ್ಲಿ, ಕರ್ಕಾಟಕ ಸಂಕ್ರಾಂತಿವೃತ್ತಕ್ಕೆ ತುಸು ಉತ್ತರದಲ್ಲಿರುವ ಈ ನಗರಕ್ಕೆ ಬೇಸಗೆಯ ಉರಿಯೂ ಇಲ್ಲ, ಉತ್ತರ ಚೀನಾದ ಹಿಮದ ಕ್ರೌರ್ಯವೂ ಇಲ್ಲ. ಜುಲೈ ತಿಂಗಳ ಸರಾಸರಿ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಜನವರಿಯಲ್ಲಿಯೂ ಮಧ್ಯಾಹ್ನದ ಬಿಸಿಲು ಹಿತವಾಗಿಯೇ ಇರುತ್ತದೆ. ಚೀನೀಯರು ಇದನ್ನು ವಸಂತನಗರಿಯೆಂದು ಕರೆದುಕೊಳ್ಳುವುದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಮಳೆಗಾಲ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ. ನವೆಂಬರಿನಿಂದ ಮಾರ್ಚಿಯವರೆಗಿನ ಶುಷ್ಕ ಋತುವೇ ಪ್ರವಾಸಕ್ಕೆ ಪ್ರಶಸ್ತವೆಂಬುದು ನನ್ನ ಅಭಿಪ್ರಾಯ; ಆಗ ಆಕಾಶ ನಿರ್ಮಲವಾಗಿರುತ್ತದೆ, ಮೇಲಾಗಿ ಹಕ್ಕಿಗಳೂ ಬಂದಿರುತ್ತವೆ. ಅಕ್ಟೋಬರಿನ ಮೊದಲ ವಾರವನ್ನೂ ಚೀನೀ ಹೊಸ ವರ್ಷದ ರಜೆಯನ್ನೂ ಬಿಟ್ಟುಬಿಡುವುದು ಲೇಸು. ಆ ದಿನಗಳಲ್ಲಿ ದೇಶಕ್ಕೆ ದೇಶವೇ ಪ್ರವಾಸ ಹೊರಟಿರುತ್ತದೆ.

ಪ್ರಾರ್ಥನೆಯ ವೇಳೆಯನ್ನು ಪಾಲಿಸುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಇಡೀ ಚೀನಾಕ್ಕೆ ಬೀಜಿಂಗಿನ ಗಡಿಯಾರವೊಂದೇ ಪ್ರಮಾಣ. ಆದರೆ ಕುನ್‌ಮಿಂಗ್ ಆ ಕಾಲಮಾನದ ರೇಖಾಂಶಕ್ಕಿಂತ ಹದಿನೇಳು ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿರುವುದರಿಂದ ಸೂರ್ಯನು ನೆತ್ತಿಗೆ ಬರುವುದು ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ. ಆದ್ದರಿಂದ ಜುಹರ್ ನಮಾಜಿಗೆ ಮುಂಚೆಯೇ, ಹನ್ನೆರಡರ ಸುಮಾರಿಗೆ, ಊಟ ಮುಗಿಸಿಕೊಳ್ಳಲು ಯಥೇಷ್ಟ ಅವಕಾಶವಿರುತ್ತದೆ. ಚಳಿಗಾಲದಲ್ಲಿ ಬೆಳಗಾಗುವುದೂ ಅಷ್ಟೇ ತಡ. ಎಂಟು ಗಂಟೆಗೆ ಮುಂಚೆ ಬೆಟ್ಟ ಹತ್ತಲು ಹೊರಟವನು ಕತ್ತಲೆಯಲ್ಲಿಯೇ ನಡೆಯಬೇಕಾದೀತು.

ಇನ್ನು ಮೇಲೆ ಹೇಳಿದ ಆ ಪುರುಷನ ವಿಷಯ. ಮಧ್ಯ ಏಷ್ಯದ ಬುಖಾರಾ ಮೂಲದ ಸಯ್ಯಿದ್ ಅಜಲ್ ಶಮ್ಸುದ್ದೀನ್ ಉಮರನು ಮಂಗೋಲ್ ಚಕ್ರವರ್ತಿಗಳ ಸೇವೆಯಲ್ಲಿ ಬೆಳೆದು, 1274ರಲ್ಲಿ ಕುಬ್ಲೈ ಖಾನನಿಂದ ಯುನ್ನಾನಿನ ಅಧಿಪತಿಯಾಗಿ ನೇಮಕಗೊಂಡು ಬಂದನು. ಪ್ರಾಂತದ ಆಡಳಿತ ಕೇಂದ್ರವನ್ನು ದಾಲಿಯಿಂದ ಇಂದಿನ ಕುನ್‌ಮಿಂಗಿಗೆ ತಂದವನು ಆತನೇ. ನಗರದ ದಕ್ಷಿಣಕ್ಕೆ ಹರಡಿರುವ ದಿಯಾನ್‌ಚಿ ಸರೋವರವು ಆ ಕಾಲದಲ್ಲಿ ಮಳೆ ಬಂದಾಗಲೆಲ್ಲ ಉಕ್ಕಿ ಹೊಲಗದ್ದೆಗಳನ್ನು ಮುಳುಗಿಸುತ್ತಿತ್ತು. ಈ ಉಪದ್ರವವನ್ನು ಕಂಡು ಆತನು ನೈಋತ್ಯ ದಿಕ್ಕಿನ ಹೈಕೌ ಎಂಬಲ್ಲಿ ಸರೋವರದ ಕೋಡಿಯ ಹೂಳೆತ್ತಿಸಿದನು, ಉತ್ತರದಿಂದ ಇಳಿದು ನಗರದ ನಡುವೆ ಹಾಯ್ದು ಸರೋವರವನ್ನು ಸೇರುವ ಪಾನ್‌ಲಾಂಗ್ ನದಿಗೆ ಸೊಂಗ್‌ಹುವಾ ಎಂಬಲ್ಲಿ ಒಡ್ಡು ಕಟ್ಟಿಸಿದನು, ಕಾಲುವೆಗಳನ್ನು ತೋಡಿಸಿದನು. ಅದೇ ಕಾಲದಲ್ಲಿ, ಅದೇ ಕೈಯಿಂದ, ಮಸೀದಿಗಳನ್ನೂ ಕನ್‌ಫ್ಯೂಷಿಯಸನ ದೇವಾಲಯವನ್ನೂ ನಿರ್ಮಿಸಿದನು. 1279ರಲ್ಲಿ ಆತನು ತೀರಿಕೊಂಡ ಮೇಲೆ ಮಕ್ಕಳು ಆ ಕೆಲಸವನ್ನು ಮುಂದುವರಿಸಿದರು. ಆತನೊಡನೆಯೂ ಆ ಯುಗದಲ್ಲಿಯೂ ಬಂದು ನೆಲೆಸಿದ ಸೈನಿಕರು, ಕುಶಲಕರ್ಮಿಗಳು, ವರ್ತಕರ ಸಂತತಿಯೇ ಇಂದು ಯುನ್ನಾನಿನ ಹುಯಿ ಜನಾಂಗವೆನಿಸಿಕೊಂಡಿರುವ ಮುಸಲ್ಮಾನರಲ್ಲಿ ಬಹುಭಾಗ. ಚೀನೀ ಭಾಷೆಯನ್ನಾಡುತ್ತ, ಚೀನೀ ಪಾಕವಿಧಾನವನ್ನೇ ಹಲಾಲ್ ನಿಯಮಕ್ಕೆ ಒಗ್ಗಿಸಿಕೊಂಡು ಬಾಳಿದ ಇವರ ಅಡುಗೆ ಪರದೇಶದಿಂದ ತಂದು ನೆಟ್ಟದ್ದಲ್ಲ, ಆ ನೆಲದಲ್ಲಿಯೇ ಮಾಗಿದ್ದು.

ನಗರದ ಮಧ್ಯದಲ್ಲಿ ಝೆಂಗ್‌ಯಿ ರಸ್ತೆಯ ಆಸುಪಾಸಿನಲ್ಲಿರುವ ನಾನ್‌ಚೆಂಗ್ ಮತ್ತು ಶುನ್‌ಚೆಂಗ್ ಮಸೀದಿಗಳ ನೆರೆಯಲ್ಲಿ ವಸತಿ ಹಿಡಿಯುವುದು ಎಲ್ಲ ಯೋಜನೆಗೂ ಉತ್ತಮವಾದ ಆರಂಭ. ಒಂದು ಕಾಲಕ್ಕೆ ಶುನ್‌ಚೆಂಗ್ ಬೀದಿಯೆಂದರೆ ಮರದ ಹಳೆಯ ಮನೆಗಳು, ಕಂಬದಿಂದ ಕಂಬಕ್ಕೆ ತೂಗಿಬಿಟ್ಟ ಮಾಂಸದ ತುಂಡುಗಳು, ಹಬೆಯಾಡುವ ಹಂಡೆಗಳು ಇವುಗಳಿಂದ ತುಂಬಿದ್ದ ಮುಸಲ್ಮಾನ ಬೀದಿ. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ಕೆಡವಿ ಭಾರಿ ವ್ಯಾಪಾರ ಸಂಕೀರ್ಣವನ್ನು ಎಬ್ಬಿಸಿದರು. ಒಂದು ಜನಸಮುದಾಯದ ಶತಮಾನಗಳ ಜೀವನಕ್ರಮ ಹೀಗೆ ಅಳಿಸಿಹೋದದ್ದು ದುಃಖದ ಸಂಗತಿಯೆಂದು ಹೇಳದೆ ವಿಧಿಯಿಲ್ಲ. ಮಸೀದಿ ಉಳಿದುಕೊಂಡಿದೆ, ಸುತ್ತಣ ಓಣಿಗಳಲ್ಲಿ ಹುಯಿ ಭೋಜನಶಾಲೆಗಳೂ ಉಳಿದಿವೆ. ಅಲ್ಲಿ ಕೇಳಿ ಪಡೆಯಬೇಕಾದದ್ದು ಗಾನ್‌ಬಾ: ಉಪ್ಪು ಸವರಿ ಒಣಗಿಸಿದ ದನದ ಮಾಂಸವನ್ನು ತೆಳ್ಳಗೆ ಕೊಯ್ದು ಒಣಮೆಣಸಿನಕಾಯಿಯೊಡನೆ ಗರಿಗರಿಯಾಗಿ ಹುರಿದುದು. ಮತ್ತೊಂದು, ನಿಧಾನವಾಗಿ ಕುದಿಸಿದ ದನದ ಮಾಂಸದ ತಿಳಿಸಾರು. ಪುದೀನ ಸೊಪ್ಪನ್ನು ಹಿಡಿ ಹಿಡಿಯಾಗಿ ಅದರಲ್ಲಿ ಅದ್ದಿ ತಿನ್ನುತ್ತಾರೆ. ಮಿಶ್ಯೆನ್ ಎಂಬ ಅಕ್ಕಿ ಶಾವಿಗೆ ಯುನ್ನಾನಿನ ನಿತ್ಯದ ಆಹಾರ; ಹುಯಿ ಅಂಗಡಿಯಲ್ಲಿ ಅದು ದನದ ಮಾಂಸದ ಸಾರಿನಲ್ಲಿ ಬರುತ್ತದೆ. ಶಿಲಿನ್ ಪ್ರದೇಶದಲ್ಲಿ ಆಡಿನ ಹಾಲಿನಿಂದ ಮಾಡುವ ರುಬಿಂಗ್ ಎಂಬ ಗಿಣ್ಣು ನಮ್ಮ ಪನೀರಿನಂತೆಯೇ ಇರುತ್ತದೆ. ಹೋಳುಮಾಡಿ ಕರಿದು ಬಡಿಸುತ್ತಾರೆ.

ಹಲಾಲ್ ಭೋಜನಶಾಲೆಯನ್ನು ಗುರುತಿಸುವ ಕ್ರಮವನ್ನು ಇಲ್ಲಿಯೇ ಹೇಳಿಬಿಡಬೇಕು. ಚೀನಾದಲ್ಲಿ ಇಂಥ ಆಹಾರಕ್ಕೆ ಛಿಂಗ್‌ಚೆನ್ ಎಂದು ಹೆಸರು; ಎರಡು ಚೀನೀ ಅಕ್ಷರಗಳಲ್ಲಿ ಬರೆದ ಈ ಪದವನ್ನು ಅಂಗಡಿಯ ಮುಖದ ಫಲಕದಲ್ಲಿ ಕಾಣಬಹುದು. ಹಿಂದೆ ಅದರ ಜೊತೆಗೆ ಅರಬ್ಬೀ ಲಿಪಿಯಲ್ಲಿ ‘ಹಲಾಲ್’ ಎಂದೂ ಬರೆದಿರುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಧೋರಣೆಯ ಫಲವಾಗಿ ಅನೇಕ ಊರುಗಳಲ್ಲಿ ಆ ಬರಹವನ್ನು ತೆಗೆಸಿದ್ದಾರೆ. ಆದಕಾರಣ ಅರಬ್ಬಿಯನ್ನು ಹುಡುಕುತ್ತ ಅಲೆಯುವುದಕ್ಕಿಂತ ಆ ಎರಡು ಚೀನೀ ಅಕ್ಷರಗಳ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳುವುದೇ ಸರಿಯಾದ ಉಪಾಯ. ದೇಶಕ್ಕೆಲ್ಲ ಅನ್ವಯಿಸುವ ಒಂದೇ ಹಲಾಲ್ ಕಾನೂನು ಅಲ್ಲಿಲ್ಲ. ಪ್ರಾಂತ ಮತ್ತು ನಗರಗಳ ನಿಯಮಗಳು ಬೇರೆಬೇರೆ. ಮಾಲೀಕನೂ ಅಡುಗೆಯವನೂ ಹುಯಿ ಆಗಿದ್ದು, ಮಸೀದಿಯ ನೆರೆಯಲ್ಲಿ ಅಂಗಡಿ ಇದ್ದರೆ ನಂಬಿಕೆಗೆ ಹೆಚ್ಚಿನ ಆಧಾರ. ಛಿಂಗ್‌ಚೆನ್ ಫಲಕವಿದ್ದ ಕಡೆಯಲ್ಲಿಯೂ ಬಿಯರ್ ಮಾರುವುದುಂಟು. ಮದ್ಯ ಬಡಿಸುವ ಸ್ಥಳದಲ್ಲಿ ಕೂರಲೊಲ್ಲದವರು ಒಳಗೆ ಹೋಗುವ ಮುನ್ನ ಒಮ್ಮೆ ಕಣ್ಣಾಡಿಸಬೇಕು. ಎಲ್ಲಿಯೂ ಏನೂ ಸಿಕ್ಕದಿದ್ದರೆ, ಲಾನ್‌ಜೌ ಹೆಸರಿನ, ಕೈಯಿಂದಲೇ ಎಳೆದು ಮಾಡುವ ಶಾವಿಗೆಯ ಸಣ್ಣ ಅಂಗಡಿಗಳು ಚೀನಾದ ಬಹುತೇಕ ಎಲ್ಲ ನಗರಗಳಲ್ಲಿಯೂ ಇವೆ. ಇವನ್ನು ನಡೆಸುವವರಲ್ಲಿ ಹೆಚ್ಚಿನವರು ಛಿಂಗ್‌ಹೈ ಪ್ರಾಂತದ ಹುವಾಲಾಂಗಿನ ಮುಸಲ್ಮಾನರು.

ಎಚ್ಚರಿಕೆ ಹೆಚ್ಚಾಗಿ ಬೇಕಾಗುವುದು ಮಾಂಸ ಕಾಣದ ತಟ್ಟೆಯಲ್ಲಿ. ಚೀನೀ ಪಾಕಶಾಲೆಯಲ್ಲಿ ಬರೀ ‘ಮಾಂಸ’ವೆಂದರೆ ಹಂದಿಯ ಮಾಂಸವೆಂದೇ ಅರ್ಥ. ಯುನ್ನಾನಿನ ಶ್ವಾನ್‌ವೆಯ್ ಎಂಬ ಊರಿನ ಒಣಗಿಸಿದ ಹಂದಿಮಾಂಸ ದೇಶಪ್ರಸಿದ್ಧವಾದದ್ದು; ಅಣಬೆಗೆ, ಸೊಪ್ಪಿಗೆ, ಸಾರಿಗೆ ಅದರ ಚೂರುಗಳನ್ನು ರುಚಿಗಾಗಿ ಬೆರೆಸುವುದು ಅಲ್ಲಿಯ ವಾಡಿಕೆ. ತರಕಾರಿಯನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ಕುನ್‌ಮಿಂಗಿನ ಹೆಸರಾಂತ ಗುಲಾಬಿ ಹೂರಣದ ತಿನಿಸನ್ನು ಕಂಡು, ಹೂವಿನದಲ್ಲವೇ ಎಂದು ಯಾರಾದರೂ ಕೊಂಡಾರು. ಸಾಂಪ್ರದಾಯಿಕ ರೀತಿಯಲ್ಲಿ ಅದರ ಹಿಟ್ಟಿಗೂ ಆ ಕೊಬ್ಬನ್ನೇ ನಾದುತ್ತಾರೆ. ಮುಸಲ್ಮಾನ ಬೇಕರಿಯಲ್ಲಿ ಕೊಂಡರೆ ಈ ಭಯವಿಲ್ಲ. ಸಸ್ಯಾಹಾರಿಗಳಾದ ನಮ್ಮ ನಾಡಿನ ಪ್ರವಾಸಿಗಳಿಗೂ ಈ ಮಾತುಗಳೆಲ್ಲ ಅನ್ವಯಿಸುತ್ತವೆ. ಮಳೆಗಾಲದಲ್ಲಿ ಹೋದವರು ಕಾಡಣಬೆಯನ್ನು ಬಿಟ್ಟುಬರಲಾರರು, ಬಿಡಬೇಕಾಗಿಯೂ ಇಲ್ಲ. ಆದರೆ ಕೊಯ್ದೊಡನೆ ನೀಲಿಗೆ ತಿರುಗುವ ಜ್ಯಾನ್‌ಶೌಛಿಂಗ್ ಎಂಬ ಜಾತಿ ಚೆನ್ನಾಗಿ ಬೇಯದಿದ್ದರೆ ಚಿತ್ತಭ್ರಮೆಯನ್ನು ಉಂಟುಮಾಡುತ್ತದೆ. ಅಲ್ಲಿಯವರೂ ಅದನ್ನು ಅವಸರದಲ್ಲಿ ತಟ್ಟೆಗೆ ಬಡಿಸಿಕೊಳ್ಳುವುದಿಲ್ಲ.

ಮೊದಲ ದಿನ, ಎತ್ತರದ ಗಾಳಿಗೆ ದೇಹ ಹೊಂದಿಕೊಳ್ಳುವವರೆಗೆ, ಊರೊಳಗಣ ಛ್ವೀಹು ಎಂಬ ಹಸುರು ಕೊಳದ ಉದ್ಯಾನವೇ ಸಾಕು. 1985ರ ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಕೆಂಗೊಕ್ಕಿನ ಕಡಲಹಕ್ಕಿಗಳು ಹಿಂಡುಹಿಂಡಾಗಿ ಈ ನಗರಕ್ಕೆ ಬಂದಿಳಿದವು. ಅಂದಿನಿಂದ ವರ್ಷ ವರ್ಷವೂ ನವೆಂಬರಿನಲ್ಲಿ ಬಂದು ಮಾರ್ಚಿಯಲ್ಲಿ ಮರಳುತ್ತಿವೆ. ಚಳಿಗಾಲದಲ್ಲಿ ನಮ್ಮ ಕರಾವಳಿಗೂ ವಲಸೆ ಬರುವ ಜಾತಿಯವೇ ಇವು. ತನ್ನ ಅಲ್ಪ ಪಿಂಚಣಿಯಲ್ಲಿ ಈ ಹಕ್ಕಿಗಳಿಗೆ ಆಹಾರ ಹಾಕುತ್ತ ಬಂದು 1995ರಲ್ಲಿ ಕಾಲವಾದ ಒಬ್ಬ ವೃದ್ಧನ ಪ್ರತಿಮೆಯನ್ನು ಕುನ್‌ಮಿಂಗಿನ ಜನರು ಆ ಕೊಳದ ದಂಡೆಯಲ್ಲಿ ನಿಲ್ಲಿಸಿದ್ದಾರೆ. ರಾಜರ, ಸೇನಾನಿಗಳ ಪ್ರತಿಮೆಗಳನ್ನು ಕಂಡು ದಣಿದ ಕಣ್ಣಿಗೆ ಇದೊಂದು ಸಮಾಧಾನ.

ಎರಡನೆಯ ದಿನವನ್ನು ಸಂಪೂರ್ಣವಾಗಿ ದಿಯಾನ್‌ಚಿಗೆ ಮೀಸಲಿಡಬೇಕು. ಸುಮಾರು 300 ಚದರ ಕಿಲೋಮೀಟರ್ ವಿಸ್ತಾರವಾಗಿ, ಉತ್ತರ ದಕ್ಷಿಣವಾಗಿ ನಲವತ್ತು ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಈ ಜಲರಾಶಿಯ ಪಶ್ಚಿಮದ ದಡದಿಂದ ಪಶ್ಚಿಮ ಬೆಟ್ಟಗಳು ಕಡಿದಾಗಿ ಮೇಲೆದ್ದಿವೆ. ಮೆಟ್ರೋದ ಮೂರನೆಯ ಮಾರ್ಗ ಬೆಟ್ಟದ ಬುಡದವರೆಗೂ ಹೋಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಾವೋ ಮತದ ಸಾಧುವೊಬ್ಬನು ಆರಂಭಿಸಿ, ಅವನ ತರುವಾಯದವರು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಉಳಿಯಿಂದ ಕೊರೆದು ಪೂರೈಸಿದ ಡ್ರಾಗನ್ ಬಾಗಿಲೆಂಬ ಬಂಡೆಯ ದಾರಿಯನ್ನು ಏರಿ ನಿಂತರೆ, ಇಡೀ ಸರೋವರ ಕಾಲಕೆಳಗೆ ಕಾಣುತ್ತದೆ. ಆದರೆ ಈ ನೀರಿನ ನೋವನ್ನೂ ಅರಿತು ನೋಡಬೇಕು. 1970ರ ಹೊತ್ತಿಗೆ ಹೊಲ ಮಾಡುವುದಕ್ಕೆಂದು ಸರೋವರದ ಒಂದು ಭಾಗವನ್ನು ಮಣ್ಣು ತುಂಬಿ ಮುಚ್ಚಿದರು. ಮುಂದಿನ ದಶಕಗಳಲ್ಲಿ ಕಾರ್ಖಾನೆಗಳ, ಊರಿನ ಹೊಲಸು ನೀರೆಲ್ಲ ಒಳಗೆ ಹರಿದು, ಪಾಚಿ ಬೆಳೆದು, ಇದು ಚೀನಾದ ಅತ್ಯಂತ ಮಲಿನವಾದ ಸರೋವರಗಳಲ್ಲಿ ಒಂದೆಂಬ ಅಪಖ್ಯಾತಿಗೆ ಗುರಿಯಾಯಿತು. ಕೊಳಚೆಯನ್ನು ತಡೆದು, ತೀರದಲ್ಲಿ ಜೌಗುಸಸ್ಯಗಳನ್ನು ಬೆಳೆಸಿ, 2013ರಿಂದ ನ್ಯೂಲಾನ್ ನದಿಯ ನೀರನ್ನು ಇತ್ತ ತಿರುಗಿಸಿ ಅದನ್ನು ಮತ್ತೆ ಜೀವಂತಗೊಳಿಸುವ ಪ್ರಯತ್ನ ಸಾಗಿದೆ. ಬೆಳ್ಳಂದೂರಿನ ನೊರೆಯನ್ನು ಕಂಡ ನಮ್ಮವರಿಗೆ ಈ ಪ್ರಯತ್ನದ ಕಷ್ಟವೂ ಬೆಲೆಯೂ ಬೇಗ ಅರ್ಥವಾಗುತ್ತದೆ. ಬೆಟ್ಟದ ಮೇಲೆ ಹಲಾಲ್ ಊಟವನ್ನು ನೆಚ್ಚಿಕೊಂಡು ಹೋಗುವಂತಿಲ್ಲ. ಬೆಳಿಗ್ಗೆ ಮಸೀದಿಯ ಓಣಿಯಲ್ಲಿಯೇ ರೊಟ್ಟಿ, ಗಾನ್‌ಬಾ, ಹಣ್ಣುಗಳನ್ನು ಕಟ್ಟಿಸಿಕೊಳ್ಳಬೇಕು.

ಮೂರನೆಯ ದಿನ ಶಿಲಿನ್, ಎಂದರೆ ಶಿಲಾವನ. ನಗರದ ಆಗ್ನೇಯಕ್ಕೆ ಎಂಬತ್ತು ತೊಂಬತ್ತು ಕಿಲೋಮೀಟರ್ ದೂರದಲ್ಲಿ, ಸುಮಾರು 27 ಕೋಟಿ ವರ್ಷಗಳ ಹಿಂದೆ ಸಮುದ್ರತಳವಾಗಿದ್ದ ಸುಣ್ಣಕಲ್ಲನ್ನು ಮಳೆಯ ನೀರು ಕೊರೆದು ಕೊರೆದು ನಿಲ್ಲಿಸಿರುವ ಈ ಕಲ್ಲಿನ ಕಾಡು 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮುಖ್ಯ ಶಿಲಾವನದಲ್ಲಿ ಜನಸಂದಣಿ ವಿಪರೀತ. ಅದೇ ಪರಂಪರೆಯ ತಾಣಕ್ಕೆ ಸೇರಿದ, ತುಸು ದೂರದ ನೈಗು ಎಂಬ ಕರಿಯ ಶಿಲಾವನವನ್ನೇ ನಾನು ಮೇಲೆಂದು ಎಣಿಸುತ್ತೇನೆ. ನಾಲ್ಕನೆಯ ದಿನಕ್ಕೆ, 1999ರ ವಿಶ್ವ ತೋಟಗಾರಿಕಾ ಮೇಳದ ಅಲಂಕೃತ ಉದ್ಯಾನವನ್ನು ಹೇಳುವವರಿದ್ದಾರೆ. ನಾನಾದರೋ ಕರಿನಾಗ ಕೊಳದ ಹತ್ತಿರ 1938ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನವನ್ನು ಸೂಚಿಸುತ್ತೇನೆ, ಯುನ್ನಾನಿನ ಕಮೀಲಿಯ ಹೂವುಗಳನ್ನು ಅಲ್ಲಿ ನೋಡಬೇಕು.

ಐದನೆಯ ದಿನ ಸರೋವರದ ದಕ್ಷಿಣದ ತುದಿಗೆ, ಜಿನ್‌ನಿಂಗ್ ಪ್ರದೇಶದ ಕುನ್‌ಯಾಂಗಿಗೆ ಹೋಗಬೇಕು. 1371ರಲ್ಲಿ ಇಲ್ಲಿಯ ಹಾಜಿಗಳ ಮನೆತನದಲ್ಲಿ ಮಾ ಹೆ ಎಂಬ ಹುಡುಗ ಹುಟ್ಟಿದನು. ಸಯ್ಯಿದ್ ಅಜಲನ ವಂಶದವನೆಂದು ಅವನನ್ನು ಹೇಳುತ್ತಾರೆ. 1381ರಲ್ಲಿ ಮಿಂಗ್ ಸೈನ್ಯ ಯುನ್ನಾನನ್ನು ಗೆದ್ದಾಗ ಬಾಲಕನಾಗಿಯೇ ಸೆರೆಸಿಕ್ಕ ಅವನೇ ಮುಂದೆ ಝೆಂಗ್ ಹೆ ಎಂಬ ಹೆಸರಿನ ನೌಕಾಧಿಪತಿಯಾಗಿ, 1405ರಿಂದ 1433ರವರೆಗೆ ಏಳು ಮಹಾಯಾನಗಳನ್ನು ನಡೆಸಿ, ನಮ್ಮ ಪಡುವಣ ಕರಾವಳಿಯ ಕಲ್ಲಿಕೋಟೆಯವರೆಗೂ ಅದರಾಚೆಗೂ ಹಡಗುಗಳನ್ನು ತಂದನು. ಮೊದಲ ಯಾನದ ವರ್ಷವೇ ತನ್ನ ತಂದೆಯ ಸ್ಮರಣಾರ್ಥವಾಗಿ ಬರೆಸಿದ ಶಿಲಾಶಾಸನ ಕುನ್‌ಯಾಂಗಿನ ಗುಡ್ಡದ ಮೇಲಿನ ಉದ್ಯಾನದಲ್ಲಿ ಇಂದಿಗೂ ಇದೆ. ಕಡಲನ್ನು ಕಾಣದ ಒಳನಾಡಿನಲ್ಲಿ ಹುಟ್ಟಿ, ಈ ಸರೋವರದ ಅಲೆಗಳನ್ನೇ ಮೊದಲು ಕಂಡ ಮಗುವೊಂದು ಹಿಂದೂ ಮಹಾಸಾಗರವನ್ನು ದಾಟಿತೆಂಬುದನ್ನು ಆ ಸ್ಥಳದಲ್ಲಿ ನಿಂತೇ ನೆನೆಯಬೇಕು.

ಇನ್ನುಳಿದ ವ್ಯವಸ್ಥೆಗಳು ಸಾಮಾನ್ಯವಾದವು: ಭಾರತೀಯರು ವೀಸಾವನ್ನು ಮೊದಲೇ ಪಡೆದಿರಬೇಕು, ಗೂಗಲ್ಲಿನ ನಕಾಶೆ ಅಲ್ಲಿ ನಡೆಯದಾದ್ದರಿಂದ ಚೀನೀ ನಕಾಶೆಯ ಆ್ಯಪನ್ನು ಹೊರಡುವ ಮುನ್ನವೇ ಹಾಕಿಕೊಳ್ಳಬೇಕು, ಸಣ್ಣ ಅಂಗಡಿಗಳಲ್ಲಿಯೂ ಅಲಿಪೇ, ವೀಚಾಟ್‌ಗಳ ಮೂಲಕವೇ ಹಣ ಸಲ್ಲಿಸುವ ರೂಢಿ ಇರುವುದರಿಂದ ಅವಕ್ಕೆ ತಮ್ಮ ಕಾರ್ಡನ್ನು ಜೋಡಿಸಿಕೊಂಡಿರಬೇಕು. ಇನ್ನೂ ಎರಡು ಮೂರು ದಿನಗಳು ಕೈಯಲ್ಲಿದ್ದವರು ರೈಲು ಹಿಡಿದು ಪಶ್ಚಿಮದ ದಾಲಿಗೆ ಹೋಗಬಹುದು. ಅಲ್ಲಿ ಎರ್‌ಹೈ ಸರೋವರವೂ ಛಾಂಗ್‌ಶಾನ್ ಪರ್ವತಗಳೂ ಇವೆ, ದಕ್ಷಿಣಕ್ಕೆ ವೆಯ್‌ಶಾನಿನ ಹಳೆಯ ಹುಯಿ ಹಳ್ಳಿಗಳೂ ಇವೆ.