ಓರಾನಿನ ಹಾಡು ಮತ್ತು ಒಂದು ಪ್ರಾರ್ಥನೆ

ಹುಟ್ಟಿದೂರನ್ನು ಬಿಟ್ಟು ಪರಸ್ಥಳದಲ್ಲಿ ಅನ್ನ ಸಂಪಾದಿಸುವವನು ದೇವರ ಮುಂದೆ ಕೈಮುಗಿದಾಗ ಯಾವ ಊರಿನ ಕ್ಷೇಮವನ್ನು ಬೇಡಬೇಕು? ಹೆತ್ತೂರಿನದೋ, ಅನ್ನವಿಕ್ಕಿದ ಊರಿನದೋ? ಈ ಪ್ರಶ್ನೆ ನಮ್ಮಂತಹವರಿಗೆ ಹೊಸದಲ್ಲ. ಕ್ರೈಸ್ತರ ಪವಿತ್ರ ಗ್ರಂಥದಲ್ಲಿ ಇದಕ್ಕೊಂದು ಪ್ರಾಚೀನ ಉತ್ತರವಿದೆ. ಬಾಬಿಲೋನಿಗೆ ಸೆರೆಯೊಯ್ಯಲ್ಪಟ್ಟ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಕಾಗದ ಬರೆದು, ನೀವಿರುವ ಆ ಪಟ್ಟಣದ ಹಿತವನ್ನೇ ಬಯಸಿರಿ, ಅದಕ್ಕಾಗಿಯೇ ಪ್ರಾರ್ಥಿಸಿರಿ ಎಂದು ತಿಳಿಸಿದನು. ಅದೇ ಗ್ರಂಥದ ಒಂದು ಕೀರ್ತನೆಯಲ್ಲಾದರೋ, ಆ ಸೆರೆಯಾಳುಗಳು ಕಿನ್ನರಿಗಳನ್ನು ಮರಕ್ಕೆ ತೂಗಹಾಕಿ, ಪರನಾಡಿನಲ್ಲಿ ಹಾಡಲಾರದೆ ಅಳುವರು. ಒಂದೆಡೆ ಪ್ರಾರ್ಥನೆ, ಇನ್ನೊಂದೆಡೆ ನಿಂತುಹೋದ ಹಾಡು. ಇವೆರಡೂ ಕೂಡಿದ ಒಂದು ಪಟ್ಟಣದ ಕಥೆಯನ್ನು ಇಂದು ಓದುಗರ ಮುಂದಿಡುತ್ತೇವೆ.

ಉತ್ತರ ಆಫ್ರಿಕದ ಅಲ್ಜೀರಿಯಾ ದೇಶದ ಪಶ್ಚಿಮದಲ್ಲಿ, ಭೂಮಧ್ಯ ಸಮುದ್ರದ ದಡದ ಮೇಲೆ ಓರಾನ್ ಎಂಬ ಬಂದರಿದೆ. ಅರಬ್ಬರು ಅದನ್ನು ವಹ್ರಾನ್ ಎನ್ನುವರು. 1509ರಲ್ಲಿ ಸ್ಪೇನಿನವರು ಅದನ್ನು ಹಿಡಿದರು. ನಡುವೆ 1708ರಿಂದ 1732ರವರೆಗೆ ಕಳೆದುಕೊಂಡು, 1792ರಲ್ಲಿ ಶಾಶ್ವತವಾಗಿ ಬಿಟ್ಟುಹೋದರು. 1831ರಲ್ಲಿ ಫ್ರೆಂಚರು ಬಂದರು. ಮುಸಲ್ಮಾನರು, ಯೆಹೂದ್ಯರು, ಕ್ರೈಸ್ತರು ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡಿದ ಊರಿದು.

1849ರಲ್ಲಿ ಓರಾನಿಗೆ ಕಾಲರಾ ಬಡಿಯಿತು. ಹೆಣ ಹೊರುವವರಿಗೂ ಬಿಡುವಿಲ್ಲದ ಆ ದಿನಗಳಲ್ಲಿ, ನವೆಂಬರ್ ತಿಂಗಳಿನಲ್ಲಿ, ಕ್ರೈಸ್ತರು ದೇವಮಾತೆಯ ಪ್ರತಿಮೆಯನ್ನು ಹೊತ್ತು ಮೆರವಣಿಗೆ ಹೊರಟರು. ಮಳೆ ಸುರಿದು ರೋಗವಿಳಿಯಿತೆಂಬುದು ಭಕ್ತರ ನಂಬಿಕೆ. ಮರುವರ್ಷ ಮುರ್ಜಾಜೋ ಬೆಟ್ಟದಲ್ಲಿ, ಹಳೆಯ ಸ್ಪೇನಿಶ್ ಕೋಟೆಯ ಕೆಳಗೆ, ಸಾಂತಾ ಕ್ರೂಸ್ ಮಾತೆಯ ಪ್ರಾರ್ಥನಾಲಯವೆದ್ದಿತು. ಮಳೆಯೆಂಬುದು ಒಂದು ಮತದವರ ಮನೆಯ ಮೇಲೆ ಮಾತ್ರ ಬೀಳುವುದಿಲ್ಲ. ಬೇಡಿದವರು ಯಾರೇ ಆಗಿರಲಿ, ನೆನೆದದ್ದು ಇಡೀ ಊರು.

ಇನ್ನು ಆ ಊರಿನ ಸಂಗೀತದ ಮಾತು. ಅದರ ಹೆಸರು 'ರಾಯ್'. ಅರಬ್ಬಿಯಲ್ಲಿ ಇದಕ್ಕೆ ಅಭಿಪ್ರಾಯವೆಂದರ್ಥ. ಮುಂಬಯಿಯಲ್ಲೂ ದೆಹಲಿಯಲ್ಲೂ ನಾವು ದಿನವೂ ಕೇಳುವ 'ಆಪ್ ಕೀ ರಾಯ್' ಎಂಬುದರಲ್ಲಿರುವ ಪದವೂ ಅದೇ ಅರಬ್ಬಿ ಮೂಲದ್ದು. ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಬಂದರಿಗಿಳಿದ ಜನರು ತಮ್ಮೊಡನೆ ತಂದ ಕೊಳಲು ಚರ್ಮವಾದ್ಯಗಳ ಹಾಡು, ಪಟ್ಟಣದ ಅಕಾರ್ಡಿಯನ್ ಮತ್ತು ಪಿಟೀಲಿನೊಡನೆ ಬೆರೆತು ಬೆಳೆಯಿತು. 1923ರಲ್ಲಿ ಹುಟ್ಟಿದ, ಚಿಕ್ಕಂದಿನಲ್ಲೇ ತಬ್ಬಲಿಯಾದ ಶೇಖಾ ರಿಮಿತ್ತಿ ಈ ಹಾಡಿಗೆ ತಾಯಿಯೆನಿಸಿದಳು. ಅಭಿಮಾನಿಗಳಿಗೆ ಪಾನೀಯ ತರಿಸುವಾಗ, ಇನ್ನೊಮ್ಮೆ ತುಂಬಿಸಿರಿ ಎಂಬರ್ಥದ ಫ್ರೆಂಚ್ ಶಬ್ದವನ್ನು ತನಗೆ ಬಂದಂತೆ ಉಚ್ಚರಿಸಿದ್ದರಿಂದ ಆಕೆಗೆ ಈ ಹೆಸರು ಬಂದಿತೆಂದು ಹೇಳುವರು. ಗ್ರಾಹಕರ ಕೂಗು ಕೇಳಿ ಪಳಗಿದ ನಮ್ಮ ಹೋಟೆಲ್ ಬಂಧುಗಳಿಗೆ ಈ ಕಥೆ ಹಿಡಿಸೀತು! ಓರಾನಿನಲ್ಲಿಯೇ ಹುಟ್ಟಿದ ಖಾಲಿದನ 'ದೀದಿ' 1992ರಲ್ಲಿ ಹಿಂದೂಸ್ಥಾನದವರೆಗೂ ಕೇಳಿಸಿತು. ಅದಕ್ಕೂ ಹಿಂದಿಯ ಅಕ್ಕನಿಗೂ ಸಂಬಂಧವಿಲ್ಲ. ಪ್ರೇಮ, ಬಡತನ, ಅಗಲಿಕೆ, ಪರದೇಶದ ಏಕಾಂತ, ಇವೇ ಈ ಹಾಡಿನ ವಸ್ತು. ಮರ್ಯಾದಸ್ಥರು ಬಹುಕಾಲ ಇದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಯುರೋಪಿಯನರಲ್ಲಿ ಹೆಚ್ಚಿನವರು ಹಡಗು ಹತ್ತಿದರು. ಯೇಸುವಿನ ಪವಿತ್ರ ಹೃದಯದ ಹೆಸರಿನ ದೊಡ್ಡ ಇಗರ್ಜಿಯು ಮುಂದೆ ಸಾರ್ವಜನಿಕ ಪುಸ್ತಕ ಭಂಡಾರವಾಯಿತು. ಉಳಿದ ಕ್ರೈಸ್ತರು ಬೆರಳೆಣಿಕೆಯವರು. 1981ರಲ್ಲಿ ಅವರಿಗೆ ಧರ್ಮಾಧ್ಯಕ್ಷರಾಗಿ ಬಂದವರು ಪಿಯೆರ್ ಕ್ಲಾವೆರಿ. ಅಲ್ಜಿಯರ್ಸಿನಲ್ಲಿ ಹುಟ್ಟಿದರೂ ಅಲ್ಲಿನ ಮುಸಲ್ಮಾನರನ್ನು ಅರಿಯದೆಯೇ ಬೆಳೆದೆನಲ್ಲಾ ಎಂದು ಪಶ್ಚಾತ್ತಾಪಪಟ್ಟು, ಅರಬ್ಬಿ ಕಲಿತು, ಅದೇ ನೆಲಕ್ಕೆ ಮರಳಿದ್ದವರು ಅವರು.

1992ರಲ್ಲಿ ದೇಶದೊಳಗೆ ಘೋರ ಕಲಹ ಹೊತ್ತಿಕೊಂಡಿತು. 1994ರ ಸೆಪ್ಟೆಂಬರ್ 29ರಂದು, ಪ್ರೇಮಗೀತೆಗಳಿಂದ ಮನೆಮಾತಾಗಿದ್ದ 26 ವರ್ಷದ ಶೆಬ್ ಹಸ್ನಿಯನ್ನು ಓರಾನಿನಲ್ಲಿ, ಅವನ ಮನೆಯ ಸಮೀಪದಲ್ಲೇ ಗುಂಡಿಟ್ಟು ಕೊಂದರು. ಐದು ತಿಂಗಳೂ ತುಂಬದೆ, ಈ ಹಾಡುಗಳ ಧ್ವನಿಮುದ್ರಣ ಮಾಡುತ್ತಿದ್ದ ರಶೀದ್ ಬಾಬಾ ಅಹಮದನೂ ಅದೇ ಊರಿನಲ್ಲಿ ಬಲಿಯಾದನು. 1996ರ ಆಗಸ್ಟ್ 1ರ ರಾತ್ರಿ ಧರ್ಮಾಧ್ಯಕ್ಷರ ನಿವಾಸದ ಬಾಗಿಲಲ್ಲಿ ಬಾಂಬು ಸಿಡಿಯಿತು. ಕ್ಲಾವೆರಿಯವರೊಡನೆ ಅವರ ಕಾರು ನಡೆಸುತ್ತಿದ್ದ ಮುಸಲ್ಮಾನ ತರುಣ ಮೊಹಮ್ಮದ್ ಬೂಶಿಖಿಯೂ ಮಡಿದನು. ಅವನಿಗೆ 21 ವರ್ಷ. ಅಪಾಯವನ್ನು ಬಲ್ಲವನಾಗಿಯೂ ಅವನು ಕೆಲಸ ಬಿಟ್ಟಿರಲಿಲ್ಲ. ತಾನು ನೋಯಿಸಿದ್ದವರ ಕ್ಷಮೆ ಕೋರಿ ಅವನು ಬರೆದಿಟ್ಟ ಮಾತುಗಳು ಅನಂತರ ದೊರೆತವು. ಧರ್ಮಾಧ್ಯಕ್ಷರ ಅಂತ್ಯಕ್ರಿಯೆಯಲ್ಲಿ ಕಣ್ಣೀರಿಟ್ಟವರಲ್ಲಿ ಮುಸಲ್ಮಾನರೇ ಬಹುಮಂದಿ.

ಗಾಯಕನನ್ನು ಕೊಂದ ಕೈಗೂ ಪ್ರಾರ್ಥಿಸುವವನನ್ನು ಕೊಂದ ಕೈಗೂ ಉದ್ದೇಶವೊಂದೇ: ಊರಿನಲ್ಲಿ ಒಂದೇ ದನಿ ಉಳಿಯಬೇಕು. ಆದರೆ ಅದು ಸಾಗಲಿಲ್ಲ. 2018ರ ಡಿಸೆಂಬರ್ 8ರಂದು ಅದೇ ಸಾಂತಾ ಕ್ರೂಸ್ ಬೆಟ್ಟದಲ್ಲಿ ಕ್ಲಾವೆರಿಯವರನ್ನೂ ಇನ್ನು 18 ರಕ್ತಸಾಕ್ಷಿಗಳನ್ನೂ ಧನ್ಯರೆಂದು ಘೋಷಿಸಲಾಯಿತು. ಆ ದಿನ ಅತಿಥಿಗಳನ್ನು ನಗರದ ದೊಡ್ಡ ಮಸೀದಿಯಲ್ಲಿ ಬರಮಾಡಿಕೊಂಡು, ಹಿಂಸೆಗೆ ತಲೆಬಾಗದೆ ಪ್ರಾಣತೆತ್ತ ಇಮಾಮರನ್ನೂ ಸ್ಮರಿಸಿದರು. 2022ರಲ್ಲಿ ಯುನೆಸ್ಕೋ ಸಂಸ್ಥೆಯು ರಾಯ್ ಹಾಡನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮ್ಮೆ ಬಾಗಿಲಾಚೆ ನಿಲ್ಲಿಸಿದ ಹಾಡು ಇಂದು ದೇಶದ ಗೌರವ.

ಇಂದು ಓರಾನಿನ ಇಗರ್ಜಿಯಲ್ಲಿ ಮೊಣಕಾಲೂರುವವರಲ್ಲಿ ಹಲವರು ಸಹಾರಾ ಮರುಭೂಮಿಯ ದಕ್ಷಿಣದ ದೇಶಗಳಿಂದ ಓದಲು, ದುಡಿಯಲು ಬಂದ ಪರಸ್ಥಳದವರು. ಅವರು ಆ ಪಟ್ಟಣಕ್ಕಾಗಿ ಏನನ್ನು ಬೇಡಿಯಾರು? ಊರು ತಮ್ಮದಾಗಲಿ ಎಂದಲ್ಲ, ತಮ್ಮಂತಾಗಲಿ ಎಂದೂ ಅಲ್ಲ. ಮಳೆ ಬರಲಿ, ರೋಗ ದೂರವಿರಲಿ, ತಾಯಂದಿರ ಮಕ್ಕಳು ರಾತ್ರಿ ಮನೆಗೆ ಮರಳಲಿ, ಮದುವೆಮನೆಯಲ್ಲಿ ಹಾಡುವವನ ಕಂಠ ನಡುಗದಿರಲಿ. ಯೆರೆಮೀಯನ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಮರುತ್ತರ ಯಾವುದು?

ಸಂಜೆ ದೀಪ ಹಚ್ಚುವಾಗ ಊರ ದೇವರನ್ನು ತಪ್ಪದೆ ನೆನೆಯುವ ನಾವು, ನಮಗೆ ಅನ್ನವಿಕ್ಕುವ ಪಟ್ಟಣವನ್ನು ನೆನೆಯುವುದುಂಟೇ? ಪಕ್ಕದ ಕೋಣೆಯಲ್ಲಿ ನಮಗೆ ತಿಳಿಯದ ಭಾಷೆಯಲ್ಲಿ ಹಾಡಿಕೊಳ್ಳುವವನ ಹಾಡೂ ನಿಲ್ಲದಿರಲೆಂದು ಬೇಡುವುದುಂಟೇ? ಬೇಡಿಕೊಂಡರೆ ನಮ್ಮ ದೇವರು ಮುನಿಯಲಾರನು.